ಹೊಟ್ಟೆಗೆ ಹೆಸರು ಗೊತ್ತಿಲ್ಲ

ನಮ್ಮ ಮನೆಗಳಲ್ಲಿ ಪ್ರತಿಯೊಂದು ಆಹಾರದ ಬೆನ್ನಿಗೂ ಒಂದು ಕೀರ್ತಿಯೋ ಅಪಕೀರ್ತಿಯೋ ಅಂಟಿಕೊಂಡಿದೆ. ಸಕ್ಕರೆ ಕಾಯಿಲೆಗೆ ಮುದ್ದೆ ಒಳ್ಳೆಯದು, ಅನ್ನ ಕೆಟ್ಟದ್ದು. ಬೆಲ್ಲ ಒಳ್ಳೆಯದು, ಸಕ್ಕರೆ ವಿಷ. ಬೀಟ್‌ರೂಟ್ ತಿಂದರೆ ರಕ್ತ ಹೆಚ್ಚುತ್ತದೆ, ತುಪ್ಪ ತಿಂದರೆ ಬೊಜ್ಜು ಬರುತ್ತದೆ, ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡರೆ ಶಕ್ತಿ ಬರುತ್ತದೆ. ಹೀಗೆ ಹೇಳುವವರು ಮಕ್ಕಳು ಮೊಮ್ಮಕ್ಕಳ ಮೇಲಿನ ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಕರುಳಿಗೆ ಈ ಕೀರ್ತಿ ಅಪಕೀರ್ತಿ ಯಾವುದೂ ತಿಳಿಯದು. ಅದರ ಪಾಲಿಗೆ ಬರುವುದು ಪಿಷ್ಟ, ಸಕ್ಕರೆ, ಪ್ರೋಟೀನ್, ಕೊಬ್ಬು, ಲವಣ, ನೀರು. ಎಷ್ಟು ಬಂತು, ಎಷ್ಟು ಬೇಗ ಬಂತು, ಜೊತೆಗೆ ಏನು ಬಂತು ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಜೀವರಸಾಯನಶಾಸ್ತ್ರ ಪಾಠ ಮಾಡುವ ನನಗೆ ತರಗತಿಯಲ್ಲೂ ಮದುವೆ ಮನೆಯ ಪಂಕ್ತಿಯಲ್ಲೂ ಮತ್ತೆ ಮತ್ತೆ ಎದುರಾಗುವ ನಂಬಿಕೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

"ಊಟದ ಮಧ್ಯೆ ನೀರು ಕುಡಿದರೆ ಜೀರ್ಣರಸ ತೆಳ್ಳಗಾಗುತ್ತದೆ"

ಇದರ ಹಿಂದೆ ಎರಡು ಊಹೆಗಳಿವೆ. ಜೀರ್ಣಕ್ರಿಯೆ ಪೂರ್ತಿ ಜಠರದಲ್ಲೇ ನಡೆಯುತ್ತದೆ ಎನ್ನುವುದು ಒಂದು, ಅಲ್ಲಿರುವ ರಸ ಅಳತೆ ಮಾಡಿಟ್ಟಷ್ಟೇ ಇರುತ್ತದೆ ಎನ್ನುವುದು ಇನ್ನೊಂದು. ಎರಡೂ ಸರಿಯಲ್ಲ.

ಜಠರದೊಳಗೆ ಏನು ನಡೆಯುತ್ತದೆ ಎಂಬುದನ್ನು ಮನುಷ್ಯ ಕಣ್ಣಾರೆ ಕಂಡದ್ದು ಒಂದು ಅವಘಡದಿಂದ. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಹತ್ತಿರದಿಂದಲೇ ಗುಂಡು ತಗುಲಿತು. ಸೇನೆಯ ವೈದ್ಯ ವಿಲಿಯಂ ಬೋಮಾಂಟ್ ಅವನನ್ನು ಬದುಕಿಸಿದರು. ಆದರೆ ಗಾಯ ಮಾಯುವಾಗ ಹೊಟ್ಟೆಯ ಗೋಡೆಗೂ ಜಠರಕ್ಕೂ ನಡುವೆ ಒಂದು ತೂತು ಹಾಗೇ ಉಳಿದುಬಿಟ್ಟಿತು. ಬೋಮಾಂಟ್ ಮಾಂಸದ ತುಂಡು, ಎಲೆಕೋಸು, ಬ್ರೆಡ್ಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಹೊರಗೆಳೆದು ನೋಡುತ್ತಿದ್ದರು. ಜಠರರಸವನ್ನು ಸೀಸೆಯಲ್ಲಿ ಹಿಡಿದು, ಮೈಬಿಸಿಯಷ್ಟೇ ಶಾಖದಲ್ಲಿಟ್ಟು, ಅದರಲ್ಲಿ ಮಾಂಸ ಕರಗುವುದನ್ನು ಗಮನಿಸಿದರು. ಜೀರ್ಣವಾಗುವುದು ರಾಸಾಯನಿಕ ಕ್ರಿಯೆ, ದೇಹದ ಹೊರಗೂ ಅದು ನಡೆಯುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಹೀಗೆ. 1833ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ 238 ಪ್ರಯೋಗಗಳ ವಿವರವಿದೆ. ಬಡತನಕ್ಕೆ ಸಿಕ್ಕಿ, ತನ್ನ ದೇಹವನ್ನು ಹೀಗೆ ವರ್ಷಗಟ್ಟಲೆ ಪರೀಕ್ಷೆಗೆ ಒಡ್ಡಿದ ಸೇಂಟ್ ಮಾರ್ಟಿನ್‌ನ ಹೆಸರನ್ನೂ ಬೋಮಾಂಟ್‌ನ ಹೆಸರಿನಷ್ಟೇ ಗೌರವದಿಂದ ನೆನೆಯಬೇಕು ಎಂದು ನನಗನ್ನಿಸುತ್ತದೆ.

ಜಠರದ ಮುಖ್ಯ ಕೆಲಸ ಆಹಾರವನ್ನು ಕಡೆದು ನುಣ್ಣಗೆ ಮಾಡುವುದು, ಆಮ್ಲದಿಂದ ರೋಗಾಣುಗಳನ್ನು ಕೊಲ್ಲುವುದು, ಪೆಪ್ಸಿನ್ ಎಂಬ ಕಿಣ್ವದಿಂದ ಪ್ರೋಟೀನನ್ನು ಒಡೆಯಲು ಶುರು ಮಾಡುವುದು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಬಿಡುವುದು. ಉಳಿದ ದೊಡ್ಡ ಕೆಲಸವೆಲ್ಲ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನದು. ಕ್ಯಾನ್ಸರ್‌ನಿಂದಾಗಿ ಇಡೀ ಜಠರವನ್ನೇ ತೆಗೆಸಿಕೊಂಡವರೂ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಂಡು ವರ್ಷಗಳ ಕಾಲ ಬದುಕುತ್ತಾರೆ. ಬಿ12 ವಿಟಮಿನ್ ಹೀರಲು ಬೇಕಾದ ಒಂದು ಪ್ರೋಟೀನ್ ಜಠರದಲ್ಲೇ ತಯಾರಾಗುವುದರಿಂದ ಆ ವಿಟಮಿನ್ನನ್ನು ಮಾತ್ರ ಅವರಿಗೆ ಸಾಮಾನ್ಯವಾಗಿ ಇಂಜೆಕ್ಷನ್ ಮೂಲಕ ಕೊಡುತ್ತಾರೆ.

ಇನ್ನು ನೀರಿನ ವಿಷಯ. ದಿನಕ್ಕೆ ಸುಮಾರು ಒಂದೂವರೆ ಲೀಟರ್ ಜೊಲ್ಲು, 2 ಲೀಟರ್ ಜಠರರಸ, ಅದರ ಮೇಲೆ ಪಿತ್ತರಸ, ಮೇದೋಜೀರಕ ಗ್ರಂಥಿಯ ರಸ, ಕರುಳಿನ ರಸ ಎಲ್ಲ ಸೇರಿ ಸುಮಾರು 7 ಲೀಟರ್ ದ್ರವವನ್ನು ದೇಹವೇ ಕರುಳಿಗೆ ಸುರಿಯುತ್ತದೆ. ಇದರ ಮುಂದೆ ಒಂದು ಲೋಟ ನೀರು ದೊಡ್ಡದಲ್ಲ. ಆಮ್ಲದ ತೀವ್ರತೆ ಅಳೆಯುವ ಪಿಎಚ್ ಒಂದೇ ಒಂದು ಅಂಕ ಮೇಲೇರಬೇಕಾದರೂ ಅದಕ್ಕೆ ನೀರು ಬೆರೆಸಿ ಹತ್ತು ಪಟ್ಟು ಮಾಡಬೇಕು. ಅಷ್ಟರೊಳಗೆ ಜಠರ ಹೊಸ ಆಮ್ಲ ಸುರಿಸಿರುತ್ತದೆ, ಬರೀ ನೀರು ಮುಂದಕ್ಕೆ ಹರಿದುಹೋಗಿರುತ್ತದೆ. ಎದೆಯುರಿ, ಹುಳಿತೇಗು ಇರುವವರು ಹೊಟ್ಟೆ ಬಿರಿಯುವಷ್ಟು ನೀರು ಕುಡಿಯದಿದ್ದರೆ ಒಳ್ಳೆಯದು. ಮಿಕ್ಕವರು ಬಾಯಾರಿದರೆ ಊಟದ ಮಧ್ಯೆಯೂ ಕುಡಿಯಬಹುದು.

"ಶುಗರ್ ಇದ್ದವರು ಮುದ್ದೆ ಎಷ್ಟು ಬೇಕಾದರೂ ತಿನ್ನಬಹುದು"

ಈ ನಂಬಿಕೆ ಹಳೆ ಮೈಸೂರು ಸೀಮೆಯಲ್ಲಿ ಮಾಡುತ್ತಿರುವ ಹಾನಿ ನೋಡಿದರೆ ಬೇಸರವಾಗುತ್ತದೆ. ರಾಗಿ ನಿಜಕ್ಕೂ ದೊಡ್ಡ ಧಾನ್ಯ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು ಇದೆ. ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಆದರೆ ಅದೇ ಪಟ್ಟಿಯ ಪಕ್ಕದ ಸಾಲನ್ನೂ ಓದಬೇಕು. 100 ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ರಾಗಿಯಲ್ಲಿ 67 ಗ್ರಾಂ ಇದೆ. ಅಂದರೆ 100 ಗ್ರಾಂ ಹಿಟ್ಟಿನ ಒಂದು ದೊಡ್ಡ ಮುದ್ದೆ ಉಂಡರೆ 67 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋದ ಹಾಗೆ, ಅದರಲ್ಲಿ ಹೆಚ್ಚಿನದು ಪಿಷ್ಟವೇ.

ಪಿಷ್ಟ ಎಂದರೆ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದದ ಸರ. ಆ ಸರವನ್ನು ತುಂಡರಿಸುವ ಅಮೈಲೇಸ್ ಕಿಣ್ವ ನಮ್ಮ ಜೊಲ್ಲಿನಲ್ಲೇ ಇದೆ. ಮನೆಯಲ್ಲೇ ಇದನ್ನು ನೋಡಬಹುದು. ಎರಡು ಲೋಟಗಳಲ್ಲಿ ನೀರಾದ ಅಕ್ಕಿ ಗಂಜಿ ತೆಗೆದುಕೊಳ್ಳಿ. ಒಂದಕ್ಕೆ ಸ್ವಲ್ಪ ಜೊಲ್ಲು ಸೇರಿಸಿ ಕಲಕಿ, ಎರಡನ್ನೂ ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಹತ್ತು ಹದಿನೈದು ನಿಮಿಷ ಇಡಿ. ಆಮೇಲೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಟಿಂಕ್ಚರ್ ಅಯೋಡಿನ್ ಒಂದೊಂದು ಹನಿ ಬಿಡಿ. ಬರೀ ಗಂಜಿ ಕಡುನೀಲಿಗೆ ತಿರುಗುತ್ತದೆ. ಜೊಲ್ಲು ಬೆರೆತದ್ದರಲ್ಲಿ ಆ ನೀಲಿ ಬರುವುದಿಲ್ಲ, ಅಥವಾ ತೀರಾ ಮಂಕಾಗಿರುತ್ತದೆ. ನೀಲಿ ಬಣ್ಣ ಹಿಡಿಯುವ ಉದ್ದದ ಸರಗಳು ಅಲ್ಲಿ ಉಳಿದಿಲ್ಲ. ಹೈಸ್ಕೂಲು ಮಕ್ಕಳು ಈ ಪ್ರಯೋಗ ಮಾಡುವಾಗ ಅವರ ಕಣ್ಣು ಅರಳುವುದನ್ನು ನೋಡುವುದೇ ಒಂದು ಸಂತೋಷ.

ಮುದ್ದೆಯನ್ನು ಅಗಿಯದೆ ನುಂಗುತ್ತೇವಲ್ಲ, ಹಾಗಾದರೆ ಪಿಷ್ಟ ಒಡೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬಾಯಲ್ಲಿ ಶುರುವಾಗದ ಕೆಲಸವನ್ನು ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಅಮೈಲೇಸ್ ಮಾಡಿ ಮುಗಿಸುತ್ತದೆ. ಹಿಟ್ಟು ನುಣ್ಣಗಾದಷ್ಟೂ, ಚೆನ್ನಾಗಿ ಬೆಂದಷ್ಟೂ ಕಿಣ್ವಕ್ಕೆ ಕೆಲಸ ಸುಲಭ. ರಾಗಿ ಅಂಬಲಿ, ಮಾಲ್ಟ್‌ಗಳಂತೂ ಇನ್ನೂ ಬೇಗ ಗ್ಲೂಕೋಸ್ ಆಗುತ್ತವೆ. ನಮ್ಮ ಇಡೀ ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ತೇಲುತ್ತಿರುವ ಗ್ಲೂಕೋಸ್ ಸುಮಾರು 5 ಗ್ರಾಂ, ಒಂದು ಟೀ ಚಮಚದಷ್ಟು. ಅಂಥ ಕಡೆ ಎರಡು ಮುದ್ದೆಯ ಪಿಷ್ಟ ಬಂದು ಇಳಿದರೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ದೇಹ ಏನು ಮಾಡಬೇಕು?

ಹಾಗಂತ ಮುದ್ದೆ ಬಿಡಬೇಕಿಲ್ಲ. ಗಾತ್ರ ಇಳಿಸಿ, ಜೊತೆಗೆ ಇರುವುದನ್ನು ಹೆಚ್ಚಿಸಬೇಕು. ಸೊಪ್ಪು ಕಾಳು ಧಾರಾಳವಾಗಿ ಹಾಕಿದ ಬಸ್ಸಾರು, ಹುರುಳಿಕಾಳಿನ ಸಾರು, ಮೊಟ್ಟೆ, ಮಾಂಸ ಇವುಗಳ ನಾರು, ಪ್ರೋಟೀನ್, ಕೊಬ್ಬು ಜಠರದಿಂದ ಆಹಾರ ಮುಂದಕ್ಕೆ ಹೋಗುವ ವೇಗವನ್ನು ತಗ್ಗಿಸುತ್ತವೆ. ಅನುಮಾನವಿದ್ದವರು ಊಟ ಶುರುಮಾಡಿ ಎರಡು ಗಂಟೆಯ ಮೇಲೆ ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳಲಿ, ಒಂದು ದಿನ ಎರಡು ಮುದ್ದೆಗೆ, ಇನ್ನೊಂದು ದಿನ ಅರ್ಧ ಮುದ್ದೆ ಮತ್ತು ಎರಡು ಸೌಟು ಹೆಚ್ಚು ಕಾಳಿಗೆ.

"ಸಕ್ಕರೆ ಬೇಡ, ಬೆಲ್ಲ, ಜೇನುತುಪ್ಪ ಆಗಬಹುದು"

ಮಂಡ್ಯದ ಬೆಲ್ಲವಾಗಲಿ ಮುಧೋಳದ ಬೆಲ್ಲವಾಗಲಿ, ಅದರ ಹೆಚ್ಚಿನ ಪಾಲು ಸಕ್ಕರೆಯಲ್ಲಿರುವ ಸುಕ್ರೋಸ್ಸೇ. ಕರುಳಿನ ಗೋಡೆಯ ಮೇಲಿರುವ ಸುಕ್ರೇಸ್ ಕಿಣ್ವ ಅದನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಜೇನಿನಲ್ಲಿ ಆ ಕೆಲಸವನ್ನು ಜೇನುಹುಳುವೇ ಮಾಡಿ ಮುಗಿಸಿರುತ್ತದೆ. ಜೇನಿನ ನೂರರಲ್ಲಿ ಸುಮಾರು 80 ಪಾಲು ಸಕ್ಕರೆಗಳು, ಅದರಲ್ಲಿ ಹೆಚ್ಚಿನದು ಇವೆರಡೇ, ಮಿಕ್ಕದ್ದರಲ್ಲಿ ಹೆಚ್ಚಿನದು ನೀರು. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇರುವುದು ನಿಜ, ರುಚಿಯೂ ಬೇರೆ. ಹೋಳಿಗೆಗೆ ಬೆಲ್ಲವೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಯಾಬಿಟಿಸ್ ಇದ್ದವರು ಸಕ್ಕರೆ ಬಿಟ್ಟು ಕಾಫಿಗೆ ಬೆಲ್ಲ ಹಾಕಿಕೊಂಡರೆ ರಕ್ತದ ಮಟ್ಟಿಗೆ ಹೆಚ್ಚೇನೂ ಬದಲಾಗುವುದಿಲ್ಲ.

"ತುಪ್ಪ, ಎಣ್ಣೆ ಬಿಟ್ಟು ಬೆವರು ಹರಿಸಿದರೆ ಬೊಜ್ಜು ಕರಗುತ್ತದೆ"

ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲಿ 4. ಹೀಗಾಗಿ ಎಣ್ಣೆಯ ಮೇಲೆ ಕಣ್ಣಿಡುವುದು ಸರಿಯೇ. ತಪ್ಪಿರುವುದು ಕೊಬ್ಬು ಮಾತ್ರ ಕೊಬ್ಬಾಗುತ್ತದೆ ಎಂಬ ಲೆಕ್ಕದಲ್ಲಿ.

ಪಿಷ್ಟ, ಸಕ್ಕರೆ ಹೆಚ್ಚಾದಾಗ ಇನ್ಸುಲಿನ್ ಏರುತ್ತದೆ. ಗ್ಲೂಕೋಸಿನ ಒಂದಷ್ಟು ಪಾಲು ಲಿವರಿನಲ್ಲೂ ಮಾಂಸಖಂಡಗಳಲ್ಲೂ ಗ್ಲೈಕೋಜನ್ ಆಗಿ ಉಳಿತಾಯವಾಗುತ್ತದೆ. ಆ ಜಾಗ ಚಿಕ್ಕದು, ಲಿವರಿನಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ 400 ಗ್ರಾಂ. ಅದೇ ಹೊತ್ತಿಗೆ ಇನ್ಸುಲಿನ್ ಕೊಬ್ಬಿನ ಕೋಶಗಳಿಂದ ಕೊಬ್ಬು ಹೊರಬರುವುದನ್ನು ತಡೆಯುತ್ತದೆ. ದೇಹ ಮೊದಲು ಗ್ಲೂಕೋಸ್ ಉರಿಸುತ್ತದೆ, ಊಟದ ಜೊತೆ ಬಂದ ಎಣ್ಣೆ ತುಪ್ಪ ನೇರ ದಾಸ್ತಾನಿಗೆ ಹೋಗುತ್ತದೆ. ಮಾಮೂಲಿ ಊಟದಲ್ಲಿ ಸಕ್ಕರೆಯೇ ಕೊಬ್ಬಾಗಿ ಬದಲಾಗುವ ಪ್ರಮಾಣ ದೊಡ್ಡದಲ್ಲ. ಆದರೆ ತಿನ್ನುವುದು ದಿನದಿನವೂ ಅತಿಯಾದರೆ ಲಿವರ್ ಗ್ಲೂಕೋಸ್, ಫ್ರಕ್ಟೋಸ್‌ಗಳನ್ನು ಅಸಿಟೈಲ್ ಕೋಎ ಎಂಬ ಸಣ್ಣ ಅಣುವಾಗಿಸಿ, ಅದರಿಂದ ಕೊಬ್ಬನ್ನೇ ಕಟ್ಟತೊಡಗುತ್ತದೆ. ಹೆಂಡ ಮುಟ್ಟದವರಲ್ಲೂ, ಎಣ್ಣೆ ತಿಂಡಿ ಬಿಟ್ಟವರಲ್ಲೂ ಸ್ಕ್ಯಾನಿಂಗ್ ಮಾಡಿಸಿದಾಗ 'ಫ್ಯಾಟಿ ಲಿವರ್' ಎಂದು ಬರುವುದಕ್ಕೆ ಇದೂ ಒಂದು ಕಾರಣ.

ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಬೆವರಾಗಿ ಹರಿಯುತ್ತದೆ ಎನ್ನುವವರೇ ಹೆಚ್ಚು. ಶಾಖವಾಗಿ ಹೋಗುತ್ತದೆ ಎಂದು ಓದಿಕೊಂಡವರೂ ಹೇಳುತ್ತಾರೆ. ಆದರೆ ಶಾಖಕ್ಕೆ ತೂಕವಿಲ್ಲ, ಹತ್ತು ಕಿಲೋ ಕಳೆದುಕೊಂಡವರ ಆ ಹತ್ತು ಕಿಲೋ ಎಲ್ಲೋ ಹೋಗಲೇಬೇಕು. ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಪರಮಾಣು ಲೆಕ್ಕವನ್ನೇ ಬಿಡಿಸಿಟ್ಟರು. ದೇಹ 10 ಕಿಲೋ ಕೊಬ್ಬನ್ನು ಉರಿಸಿದಾಗ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗುತ್ತದೆ. ಉಳಿದ 1.6 ಕಿಲೋ ಮಾತ್ರ ನೀರಾಗಿ ಮೂತ್ರ, ಬೆವರು, ಉಸಿರುಗಳಲ್ಲಿ ಹೋಗುತ್ತದೆ. ಇದಕ್ಕಾಗಿ ಒಳಗೆಳೆದುಕೊಳ್ಳಬೇಕಾದ ಆಮ್ಲಜನಕವೇ 29 ಕಿಲೋ.

ಹಾಗೆಂದು ಕೂತಲ್ಲೇ ಜೋರಾಗಿ ಉಸಿರಾಡಿದರೆ ತೂಕ ಇಳಿಯದು, ತಲೆ ಸುತ್ತು ಬರುತ್ತದೆ ಅಷ್ಟೆ. ದೇಹ ಶಕ್ತಿ ಕೇಳಿದಷ್ಟು ಮಾತ್ರ ಕೋಶಗಳೊಳಗಿನ ಮೈಟೋಕಾಂಡ್ರಿಯಾ ಕೊಬ್ಬನ್ನು ಉರಿಸುತ್ತವೆ. ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಓಡಿ ಬೆವರು ಸುರಿಸಿದವರ ತೂಕ ಒಂದು ಚೊಂಬು ನೀರು ಕುಡಿದೊಡನೆ ಮರಳುತ್ತದೆ. ಹೊಟ್ಟೆಗೆ ಸುತ್ತುವ ಬೆಲ್ಟಿನಿಂದ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎನ್ನುವ ಜಾಹೀರಾತನ್ನೂ ನಂಬಬೇಡಿ. ಕೊಬ್ಬಿನ ಕೋಶಗಳಿಗೆ ಅಪ್ಪಣೆ ಹೋಗುವುದು ರಕ್ತದಲ್ಲಿ ಹರಿಯುವ ಹಾರ್ಮೋನುಗಳ ಮೂಲಕ, ಇಡೀ ದೇಹಕ್ಕೆ.

"ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುತ್ತದೆ, ಹಾಲಿನ ಅಲರ್ಜಿ ಇರಬೇಕು"

ಹೆಚ್ಚಿನ ದೊಡ್ಡವರಲ್ಲಿ ಇದು ಅಲರ್ಜಿಯಲ್ಲ. ಹಾಲಿನ ಸಕ್ಕರೆ ಲ್ಯಾಕ್ಟೋಸ್. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಎಳೆಮಕ್ಕಳಲ್ಲಿ ಧಾರಾಳವಾಗಿರುತ್ತದೆ, ಬೆಳೆದಂತೆ ಹಲವರಲ್ಲಿ ಇಳಿಯುತ್ತದೆ. ಒಡೆಯದೆ ಉಳಿದ ಲ್ಯಾಕ್ಟೋಸ್ ಕರುಳಿಗೆ ನೀರೆಳೆದುಕೊಳ್ಳುತ್ತದೆ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಅಲರ್ಜಿ ಬರುವುದು ಹಾಲಿನ ಪ್ರೋಟೀನಿಗೆ. ಅದರಲ್ಲಿ ದದ್ದು, ಊತ, ಉಸಿರಾಟದ ತೊಂದರೆ ಕಾಣಿಸಬಹುದು, ಒಂದು ಹನಿಯೂ ಅಪಾಯವಾಗಬಹುದು. ಲ್ಯಾಕ್ಟೋಸ್ ಒಗ್ಗದವರಿಗಾದರೋ ಸ್ವಲ್ಪ ಹಾಲು, ಅದಕ್ಕಿಂತ ಹೆಚ್ಚಾಗಿ ಮೊಸರು ಮಜ್ಜಿಗೆ ಒಗ್ಗುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾಗಳು ಒಂದಿಷ್ಟು ಲ್ಯಾಕ್ಟೋಸನ್ನು ಮೊದಲೇ ತಿಂದು ಮುಗಿಸಿರುತ್ತವೆ.

"ದಿನಾ ಬೇಳೆ ಸಾರು ಉಣ್ಣುತ್ತೇವೆ, ಪ್ರೋಟೀನಿಗೇನು ಕೊರತೆ?"

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿರುವ ಪ್ರಕಾರ ದೊಡ್ಡವರಿಗೆ ಬೇಕಾದದ್ದು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ ಆಯಿತು. ತೊಗರಿಬೇಳೆಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಆದರೆ ನಾಲ್ಕು ಜನರ ತಿಳಿಸಾರಿಗೆ ಒಂದು ಹಿಡಿ ಬೇಳೆ ಹಾಕಿದರೆ ಒಬ್ಬರ ತಟ್ಟೆಗೆ ಬೀಳುವುದು ಎರಡು ಮೂರು ಗ್ರಾಂ. ಸಾರಿನ ನೀರಿನಲ್ಲಿ ಹುಣಸೆಹುಳಿ, ಉಪ್ಪು, ಖಾರ ಇದೆ, ಪ್ರೋಟೀನ್ ತಳದಲ್ಲಿದೆ. ಮನೆಯ ಹೆಂಗಸರು ಕೊನೆಗೆ ಉಳಿದ ತಿಳಿಯನ್ನೇ ಅನ್ನಕ್ಕೆ ಬೆರೆಸಿಕೊಂಡು ಏಳುವ ಪದ್ಧತಿ ಇನ್ನೂ ಇದೆ. ನನ್ನನ್ನು ಬಹಳ ಕಾಡುವ ಸಂಗತಿ ಅದು.

ಇದಕ್ಕೆ ಅಂಟಿಕೊಂಡ ಇನ್ನೊಂದು ಮಾತು, ಅನ್ನ ಬೇಳೆಗಳನ್ನು ಒಂದೇ ಹೊತ್ತಿನಲ್ಲಿ ತಿಂದರೆ ಮಾತ್ರ ಪ್ರೋಟೀನ್ ಪೂರ್ಣ ಎನ್ನುವುದು. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಲ್ಲಿ ಲೈಸಿನ್ ಧಾನ್ಯದಲ್ಲಿ ಕಡಿಮೆ, ಮೆಥಿಯೋನಿನ್ ಬೇಳೆಯಲ್ಲಿ ಕಡಿಮೆ, ಒಂದು ಇನ್ನೊಂದರ ಕೊರತೆ ತುಂಬುತ್ತದೆ, ಅದು ಸರಿ. 1971ರಲ್ಲಿ ಅಮೆರಿಕದ ಫ್ರಾನ್ಸಿಸ್ ಮೂರ್ ಲಾಪೆ ಬರೆದ ಪುಸ್ತಕದಿಂದ ಒಂದೇ ಊಟದಲ್ಲಿ ಹೊಂದಿಸಬೇಕೆಂಬ ಮಾತು ಜನಪ್ರಿಯವಾಯಿತು. ಹತ್ತು ವರ್ಷದ ನಂತರದ ಆವೃತ್ತಿಯಲ್ಲಿ ಅವರೇ ಅದನ್ನು ತಿದ್ದಿದರು. ದೇಹ ಅಮೈನೋ ಆಮ್ಲಗಳನ್ನು ಒಂದಷ್ಟು ಹೊತ್ತು ಹೊಂದಿಸಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಕಾಳು ತಿಂದರೂ ಆಗುತ್ತದೆ.

"ಬೀಟ್‌ರೂಟ್, ದಾಳಿಂಬೆ ಕೆಂಪಗಿವೆ, ತಿಂದರೆ ರಕ್ತ ಹೆಚ್ಚುತ್ತದೆ"

ರಕ್ತದ ಕೆಂಪು ಹಿಮೋಗ್ಲೋಬಿನ್ನಿನದು, ಅದರ ನಡುವೆ ಕಬ್ಬಿಣವಿದೆ. ಬೀಟ್‌ರೂಟಿನ ಕೆಂಪು ಬೀಟಾಲೇನ್ ಎಂಬ ಬೇರೆಯದೇ ವರ್ಣದ್ರವ್ಯ, ಅದರಲ್ಲಿ ಕಬ್ಬಿಣವಿಲ್ಲ. ಕೆಲವರಿಗೆ ಮರುದಿನ ಮೂತ್ರ ಕೆಂಪಾಗಿ ಗಾಬರಿಯಾಗುವುದೂ ಅದರಿಂದಲೇ. 100 ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ, ದಾಳಿಂಬೆಯಲ್ಲಿ ಅದಕ್ಕಿಂತ ಕಡಿಮೆ. ರಾಗಿಯಲ್ಲಿ 4.6 ಮಿಲಿಗ್ರಾಂ ಇದೆ, ಯಾರೂ ಹೊಗಳದ ಹುರುಳಿಯಲ್ಲಿ ಅದಕ್ಕಿಂತಲೂ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೀಗಿರುವಾಗ ಬಣ್ಣ ನೋಡಿ ಔಷಧ ಆರಿಸುವುದು ಸಣ್ಣ ತಪ್ಪಲ್ಲ. ಬಸುರಿ ಹುಡುಗಿಗೆ ಕಬ್ಬಿಣದ ಮಾತ್ರೆ ಬಿಡಿಸಿ ಬೀಟ್‌ರೂಟ್ ಜ್ಯೂಸ್ ಕುಡಿಸುವ ಮನೆಗಳಿವೆ.

ಕಬ್ಬಿಣ ಆಹಾರದಲ್ಲಿ ಇದ್ದರಷ್ಟೇ ಸಾಲದು, ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳಬೇಕು. ಕಾಳು, ಸೊಪ್ಪುಗಳ ಕಬ್ಬಿಣ ಫೆರಿಕ್ ರೂಪದಲ್ಲಿರುತ್ತದೆ. ಕರುಳಿನ ಕೋಶ ಸೇರಬೇಕಾದರೆ ಅದು ಫೆರಸ್ ಆಗಬೇಕು, ಆ ಬದಲಾವಣೆಗೆ ವಿಟಮಿನ್ ಸಿ ನೆರವಾಗುತ್ತದೆ. ಕೋಸಂಬರಿಗೆ ಹಿಂಡುವ ನಿಂಬೆಹಣ್ಣು, ಊಟದ ಜೊತೆಯ ನೆಲ್ಲಿಕಾಯಿ ಚಟ್ನಿ, ಊಟವಾದ ಮೇಲೆ ಒಂದು ಸೀಬೆಹಣ್ಣು ಈ ಕೆಲಸಕ್ಕೆ ಬರುತ್ತವೆ. ಕಾಳು, ಧಾನ್ಯಗಳಲ್ಲಿರುವ ಫೈಟೇಟ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಮೊಳಕೆ ಬಂದಾಗ ಅದು ಕಡಿಮೆಯಾಗುತ್ತದೆ. ಹಸುಗೂಸಿಗೆ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ವಸ್ತ್ರಗಾಳಿಸಿ ಸರಿ ಮಾಡುತ್ತಿದ್ದ ಅಜ್ಜಿಯರು ಈ ಕೆಲಸವನ್ನು ಎಂದೋ ಕಲಿತಿದ್ದರು. ಮೊಳಕೆಯಲ್ಲಿ ಅಮೈಲೇಸ್ ಕೂಡ ಹುಟ್ಟುವುದರಿಂದ ಆ ಸರಿ ಕಾಯಿಸುವಾಗ ಗಟ್ಟಿಯಾಗದೆ ತೆಳ್ಳಗೇ ಉಳಿಯುತ್ತದೆ, ಪುಟ್ಟ ಹೊಟ್ಟೆಗೆ ಹೆಚ್ಚು ಹಿಟ್ಟು ಸೇರುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಮೊಳಕೆ ರಾಗಿಯ ಶಿಶು ಆಹಾರದ ಮೇಲೆ ದಶಕಗಳ ಹಿಂದೆಯೇ ಕೆಲಸ ಮಾಡಿದ್ದಾರೆ.

ಊಟ ಮುಗಿದೊಡನೆ ಕುಡಿಯುವ ಚಹಾ ಕಾಫಿ ಇದಕ್ಕೆ ವಿರುದ್ಧ. ಅವುಗಳ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದುಕೊಳ್ಳುತ್ತವೆ. ಒಂದು ಗಂಟೆ ತಡೆದು ಕುಡಿದರೆ ಸಾಕು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ ಎಂದು ಆಶಾ ಕಾರ್ಯಕರ್ತೆಯರು ಹೇಳುವುದಕ್ಕೂ ಕಾರಣ ಇದೇ ಬಗೆಯದು, ಕಬ್ಬಿಣದ ಹೀರಿಕೆಗೆ ಕ್ಯಾಲ್ಸಿಯಂ ಅಡ್ಡ ಬರುತ್ತದೆ.

"ಬೆಳಿಗ್ಗೆ ನಿಂಬೆರಸ ಕುಡಿದರೆ ರಕ್ತ ಕ್ಷಾರೀಯವಾಗುತ್ತದೆ"

ರಕ್ತದ ಪಿಎಚ್ 7.35ರಿಂದ 7.45ರ ನಡುವೆಯೇ ಇರುತ್ತದೆ. ಶ್ವಾಸಕೋಶ ಮತ್ತು ಮೂತ್ರಪಿಂಡ ಅದನ್ನು ಕ್ಷಣಕ್ಷಣವೂ ಕಾಯುತ್ತವೆ. ಅದು ಈ ಗಡಿ ದಾಟಿದವರು ಆಸ್ಪತ್ರೆಯಲ್ಲಿರುತ್ತಾರೆ. ನಿಂಬೆರಸ ಮೂತ್ರದ ಪಿಎಚ್ ಅನ್ನು ಸ್ವಲ್ಪ ಬದಲಿಸಬಹುದು, ರಕ್ತದ್ದನ್ನಲ್ಲ.

"ಸುಸ್ತಾಗಿದೆ, ಒಂದು ಗ್ಲೂಕೋಸ್ ಹಾಕಿಸಿಕೊಂಡರೆ ಶಕ್ತಿ ಬರುತ್ತದೆ"

ಹಳ್ಳಿಯ ಕ್ಲಿನಿಕ್ಕುಗಳಲ್ಲಿ ಬೆಂಚಿನ ಮೇಲೆ ಮಲಗಿ ಬಾಟಲಿ ಹಾಕಿಸಿಕೊಳ್ಳುವ ಕೂಲಿಯವರನ್ನು ನೋಡಿದಾಗಲೆಲ್ಲ ಅವರ ಕೈ ಹಿಡಿದು ಬಾಟಲಿಯ ಮೇಲಿನ ಚೀಟಿ ಓದಿ ಹೇಳಬೇಕೆನಿಸುತ್ತದೆ. ಅದರ ಮೇಲೆ 'ಡೆಕ್ಸ್‌ಟ್ರೋಸ್ 5%, 500 ಎಂಎಲ್' ಎಂದಿರುತ್ತದೆ. ಡೆಕ್ಸ್‌ಟ್ರೋಸ್ ಎಂದರೆ ಗ್ಲೂಕೋಸೇ. 100 ಎಂಎಲ್‌ಗೆ 5 ಗ್ರಾಂ, ಇಡೀ ಬಾಟಲಿಗೆ 25 ಗ್ರಾಂ. ಅದರಿಂದ ಸಿಗುವುದು 85ರಿಂದ 100 ಕ್ಯಾಲೊರಿ. ಒಂದು ದೊಡ್ಡ ಬಾಳೆಹಣ್ಣಿನಲ್ಲೋ ಎರಡು ಇಡ್ಲಿಯಲ್ಲೋ ಅಷ್ಟು ಇದೆ. ನಮ್ಮ ಮೆದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಉರಿಸುತ್ತದೆ. ಎಷ್ಟೋ ಸಲ ನೇತುಹಾಕಿದ ಬಾಟಲಿಯಲ್ಲಿ ಗ್ಲೂಕೋಸೇ ಇರುವುದಿಲ್ಲ. ಅದು 0.9% ಉಪ್ಪುನೀರು, ಕ್ಯಾಲೊರಿ ಸೊನ್ನೆ. ಬಾಟಲಿಗೆ ವಿಟಮಿನ್ ಇಂಜೆಕ್ಷನ್ ಸೇರಿಸಿದಾಗ ಬರುವ ಹಳದಿ ಬಣ್ಣವೂ ಶಕ್ತಿಯಲ್ಲ, ಅದು ಮುಖ್ಯವಾಗಿ ರೈಬೋಫ್ಲೇವಿನ್‌ನದು. ವಿಟಮಿನ್‌ಗಳಲ್ಲಿ ಕ್ಯಾಲೊರಿ ಇಲ್ಲ.

ಹಾಕಿಸಿಕೊಂಡ ಮೇಲೆ ಹಾಯೆನಿಸುವುದು ಸುಳ್ಳಲ್ಲ. ಬಿಸಿಲಲ್ಲಿ ದುಡಿದು ನೀರು ಕಳೆದುಕೊಂಡವರಿಗೆ ನೀರು ಸೇರುತ್ತದೆ, ಒಂದೆರಡು ಗಂಟೆ ಮಲಗಿದಂತೆಯೂ ಆಗುತ್ತದೆ. ಅದನ್ನು ಮನೆಯಲ್ಲೇ ಉಪ್ಪು ಹಾಕಿದ ಮಜ್ಜಿಗೆ, ಗಂಜಿಗಳಿಂದ ಪಡೆಯಬಹುದಾಗಿತ್ತು. ಪ್ರಜ್ಞೆ ಇಲ್ಲದವರಿಗೆ, ವಾಂತಿ ನಿಲ್ಲದವರಿಗೆ, ಶಾಕ್‌ಗೆ ಹೋದವರಿಗೆ, ಸಕ್ಕರೆ ತೀರಾ ಇಳಿದವರಿಗೆ, ಆಪರೇಷನ್ ಆದವರಿಗೆ ಡ್ರಿಪ್ ಜೀವ ಉಳಿಸುತ್ತದೆ. ಬಾಯಲ್ಲಿ ಉಣ್ಣಬಲ್ಲವರಿಗೆ ಅದು ದಿನದ ಕೂಲಿ ಕಳೆಯುವ ದಾರಿ. ವಾರಗಟ್ಟಲೆ ಸುಸ್ತಿದ್ದರೆ ಬಾಟಲಿಯ ದುಡ್ಡಿನಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸುವುದು ಮೇಲು.

"ಭೇದಿಯಾಗುವಾಗ ಮಗುವಿಗೆ ನೀರು, ಊಟ ಕೊಡಬಾರದು"

ಇಲ್ಲಿ ಎತ್ತಿಕೊಂಡ ನಂಬಿಕೆಗಳಲ್ಲಿ ಜೀವ ತೆಗೆಯುವುದು ಇದೊಂದೇ. ಕೊಟ್ಟದ್ದೆಲ್ಲ ಹೊರಗೇ ಹೋಗುತ್ತದೆ, ಕರುಳಿಗೆ ವಿಶ್ರಾಂತಿ ಕೊಡೋಣ ಎಂಬುದು ಇದರ ಹಿಂದಿನ ಯೋಚನೆ. ಮೇಲ್ನೋಟಕ್ಕೆ ಸರಿಯೆಂದೇ ತೋರುತ್ತದೆ. ವೈದ್ಯಲೋಕವೂ ಬಹಳ ಕಾಲ ಹಾಗೇ ನಂಬಿತ್ತು.

ಭೀಕರ ಭೇದಿ ತರುವ ಕಾಲರಾವನ್ನೇ ನೋಡಿ. ಅದರ ವಿಷ ಕರುಳಿನ ಕೋಶಗಳಿಂದ ಲವಣ, ನೀರು ಹೊರಕ್ಕೆ ಸುರಿಯುವಂತೆ ಮಾಡುತ್ತದೆ. ಆ ವಿಷವನ್ನು 1959ರಲ್ಲಿ ಕಂಡುಹಿಡಿದವರು ಕಲ್ಕತ್ತಾದ ಶಂಭುನಾಥ ಡೇ. ಆದರೆ ಅದೇ ಕೋಶದಲ್ಲಿರುವ ಇನ್ನೊಂದು ಬಾಗಿಲನ್ನು ಆ ವಿಷ ಕೆಡಿಸುವುದಿಲ್ಲ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದಾಗ ಮಾತ್ರ ತೆರೆಯುವ ಬಾಗಿಲು ಅದು, ಒಂದು ಗ್ಲೂಕೋಸ್ ಅಣುವಿಗೆ ಎರಡು ಸೋಡಿಯಂ. ಅವು ಒಳಗೆ ಹೋದರೆ ನೀರೂ ಹಿಂದೆಯೇ ಹೋಗುತ್ತದೆ. ಹೀಗೊಂದು ಜೋಡಿ ಸಾಗಾಟ ಇದೆಯೆಂದು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನ ಒಂದು ಸಭೆಯಲ್ಲಿ ಮುಂದಿಟ್ಟರು. ಬರೀ ನೀರು ಕೊಟ್ಟರೆ ಸಾಲದು, ಬರೀ ಉಪ್ಪುನೀರೂ ಸಾಲದು, ಸಕ್ಕರೆ ಉಪ್ಪು ಎರಡೂ ಅಳತೆಗೆ ಸರಿಯಾಗಿ ಬೆರೆತಿರಬೇಕು ಎನ್ನುವುದಕ್ಕೆ ಕಾರಣ ಈ ಬಾಗಿಲು.

1971ರಲ್ಲಿ ಬಾಂಗ್ಲಾ ವಿಮೋಚನೆಯ ಯುದ್ಧದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ತುಂಬಿಕೊಂಡಾಗ ಕಾಲರಾ ಹರಡಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು, ಡ್ರಿಪ್ ದಾಸ್ತಾನು ಮುಗಿಯುತ್ತಿತ್ತು. ಅಲ್ಲಿದ್ದ ದಿಲೀಪ್ ಮಹಲನಾಬಿಸ್ ಎಂಬ ವೈದ್ಯರು ಗ್ಲೂಕೋಸ್, ಅಡುಗೆ ಉಪ್ಪು, ಸೋಡಾ ಬೆರೆಸಿದ ಪುಡಿಯನ್ನು ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡ 30ರ ಆಸುಪಾಸಿನಲ್ಲಿದ್ದ ಸಾವು ಅವರ ಆರೈಕೆಯಲ್ಲಿ ಶೇಕಡ 3.6ಕ್ಕೆ ಇಳಿಯಿತು. ಇಂದು ಓಆರ್‌ಎಸ್ ಎಂದು ನಾವು ಕರೆಯುವುದು ಅದರ ಮುಂದುವರಿದ ರೂಪ. ಮಹಲನಾಬಿಸ್ 2022ರಲ್ಲಿ ತೀರಿಕೊಂಡರು, ಮರುವರ್ಷ ಸರ್ಕಾರ ಅವರಿಗೆ ಮರಣೋತ್ತರ ಪದ್ಮವಿಭೂಷಣ ಕೊಟ್ಟಿತು. ಬದುಕಿದ್ದಾಗಲೇ ಕೊಡಬೇಕಿತ್ತು.

ಊಟ ನಿಲ್ಲಿಸಬಾರದೆನ್ನುವುದಕ್ಕೂ ಇಂಥದೇ ಕಾರಣವಿದೆ. ಕರುಳಿನ ಒಳಪದರದ ಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತವೆ. ಅವು ತಮ್ಮ ಆಹಾರದ ದೊಡ್ಡ ಪಾಲನ್ನು ಕರುಳಿನೊಳಗೆ ಹಾದುಹೋಗುವ ಊಟದಿಂದಲೇ ಪಡೆಯುತ್ತವೆ. ಉಪವಾಸ ಕೆಡವಿದರೆ ಗಾಯಗೊಂಡ ಪದರ ಮಾಯುವುದು ತಡವಾಗುತ್ತದೆ.

ಎದೆಹಾಲು ನಿಲ್ಲಿಸಬಾರದು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಸುರಿಯಬೇಕು, ಅರ್ಧ ಪೊಟ್ಟಣ, ಅಂದಾಜು ನೀರು ಬೇಡ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹಾಕಿದ ಅಕ್ಕಿ ಗಂಜಿಯೂ ಆಗುತ್ತದೆ. ಕೂಲ್‌ಡ್ರಿಂಕ್ಸ್, ಪೊಟ್ಟಣದ ಜ್ಯೂಸ್ ಕೊಡಬಾರದು. ಅವುಗಳಲ್ಲಿ ಸಕ್ಕರೆ ಅತಿ, ಉಪ್ಪು ಕಡಿಮೆ, ಕರುಳಿನಲ್ಲಿ ಉಳಿದ ಸಕ್ಕರೆ ಇನ್ನಷ್ಟು ನೀರನ್ನು ಹೊರಕ್ಕೆಳೆದು ಭೇದಿ ಹೆಚ್ಚಿಸುತ್ತದೆ. ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು ಮತ್ತೆ ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಶುರು ಮಾಡಬೇಕು. ಜಿಂಕ್ ಮಾತ್ರೆಯನ್ನು ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ ಕೊಡಬೇಕು, ಭೇದಿ ನಾಲ್ಕೇ ದಿನಕ್ಕೆ ನಿಂತರೂ ಸಹ. ಕಣ್ಣು ಗುಳಿಬಿದ್ದು, ಹೊಟ್ಟೆಯ ಚರ್ಮ ಎಳೆದು ಬಿಟ್ಟಾಗ ಮೆಲ್ಲಗೆ ಹಿಂದಕ್ಕೆ ಹೋಗುತ್ತಿದ್ದರೆ, ಮಗು ಕುಡಿಯಲಾರದೆ ಮಂಕಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಹೊರಡಬೇಕು, ದಾರಿಯುದ್ದಕ್ಕೂ ಕುಡಿಸಲಾಗುವಷ್ಟು ಓಆರ್‌ಎಸ್ ಕುಡಿಸುತ್ತಾ.